ಕೇಳಿಸುವಷ್ಟೇ ಮೆಲ್ಲಗೆ: ತೋಟದ ಬಂಗಲೆಯಲ್ಲಿ ಒಂದು ಕ್ವಾರ್ಟೆಟ್ ಕಛೇರಿ

ಪ್ರಶ್ನೆ: ನಾವು ನಾಲ್ವರು ಸೇರಿ ಒಂದು ಸ್ಟ್ರಿಂಗ್ ಕ್ವಾರ್ಟೆಟ್ ಮಾಡಿಕೊಂಡಿದ್ದೇವೆ. ಎರಡು ವಯಲಿನ್, ಒಂದು ವಯೋಲಾ, ಒಂದು ಚೆಲೊ. ಎರಡನೇ ವಯಲಿನ್‌ನವರು ಕರ್ನಾಟಕ ಸಂಗೀತದಿಂದ ಬಂದವರು. ಕೊಡಗಿನ ಸುಂಟಿಕೊಪ್ಪದ ಕಡೆ ಸಂಬಂಧಿಕರ ಕಾಫಿ ತೋಟದಲ್ಲಿ ಹಳೇ ಬಂಗಲೆ ಇದೆ. ಅದರ ಹಾಲ್ ಸುಮಾರು 9 ಮೀಟರ್ ಉದ್ದ, 6 ಅಗಲ, 4 ಎತ್ತರ. ಗಾರೆ ಗೋಡೆ, ಮರದ ನೆಲ, ಮರದ ಸೀಲಿಂಗ್, ಮೇಲೆ ಮಂಗಳೂರು ಹಂಚು. ಅಲ್ಲಿ 40 ಜನರ ಮುಂದೆ, ಮೈಕ್ ಇಲ್ಲದೆ, ಸದ್ದು ಮತ್ತು ಮೌನದ ಅಂಚಿನಲ್ಲಿ ನಡೆಯುವ ಈಚಿನ ಕೃತಿಗಳನ್ನು ನುಡಿಸಬೇಕೆಂದಿದ್ದೇವೆ. ತೀರಾ ಮೆಲ್ಲಗೆ ನುಡಿಸಲು ಹೋದರೆ ಸ್ವರ ಒಡೆಯುತ್ತದೆ, ಇಲ್ಲವೇ ಶಿಳ್ಳೆ ಹೊಡೆಯುತ್ತದೆ. ಮನೆಯವರ ಮುಂದೆ ಒಮ್ಮೆ ನುಡಿಸಿದಾಗ ವಿರಾಮ ಬಂದಲ್ಲೆಲ್ಲ ಮುಗಿಯಿತೆಂದು ಚಪ್ಪಾಳೆ ಬಿತ್ತು. ಯಾವ ತಿಂಗಳು, ಯಾವ ಕೃತಿ, ಅಭ್ಯಾಸ ಹೇಗೆ?

ಉತ್ತರ: ನೀವು ಕಮಾನಿನಿಂದ ಶುರು ಮಾಡಿದ್ದೀರಿ. ಹಾಲ್‌ನಿಂದ ಶುರು ಮಾಡಿ. ಮೆಲ್ಲಗೆ ಎನ್ನುವುದು ವಾದ್ಯದಲ್ಲಿ ಇರುವ ಗುಣವಲ್ಲ. ಆ ಕೋಣೆಯಲ್ಲಿ ಆಗಲೇ ಇರುವ ಹಿನ್ನೆಲೆ ಸದ್ದಿಗೂ ನಿಮ್ಮ ಸ್ವರಕ್ಕೂ ಇರುವ ಅಂತರ ಅದು. 30 ಡೆಸಿಬೆಲ್‌ನ ಒಂದು ಸ್ವರ, ಹಿನ್ನೆಲೆ 22 ಇರುವ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಹಿನ್ನೆಲೆ 40 ಇರುವಲ್ಲಿ ಅದೇ ಸ್ವರ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ, ನೀವು ಎಷ್ಟೇ ಚೆನ್ನಾಗಿ ನುಡಿಸಿ. ಒಳ್ಳೆಯ ಸಭಾಂಗಣಗಳನ್ನು 20ರಿಂದ 25 ಡೆಸಿಬೆಲ್ ಹಿನ್ನೆಲೆಗೆ ಕಟ್ಟುತ್ತಾರೆ. ತೋಟದ ಬಂಗಲೆಗೆ ಒಂದು ಅನುಕೂಲವಿದೆ: ರಸ್ತೆ ದೂರ, ಎ.ಸಿ. ಇಲ್ಲ. ಸರಿಯಾದ ತಿಂಗಳು, ಸರಿಯಾದ ಹೊತ್ತು ಹಿಡಿದರೆ ಬೆಂಗಳೂರಿನ ಎಷ್ಟೋ ಹಾಲ್‌ಗಳಿಗಿಂತ ಅದು ಶಾಂತ.

ಮೊದಲ ಕೆಲಸ ಇದು. ಕಛೇರಿ ಇಡಬೇಕೆಂದಿರುವ ಹೊತ್ತಿಗೆ ಸರಿಯಾಗಿ, ಬೇರೆ ಬೇರೆ ಮೂರು ಸಂಜೆ, ನಾಲ್ವರೂ ಹಾಲ್‌ನಲ್ಲಿ ಬಾಗಿಲು ಹಾಕಿಕೊಂಡು ಐದು ನಿಮಿಷ ಸುಮ್ಮನೆ ಕೂತು, ಕಿವಿಗೆ ಬಿದ್ದದ್ದನ್ನೆಲ್ಲ ಚೀಟಿಯಲ್ಲಿ ಬರೆಯಿರಿ. ನಾಲ್ಕು ಚೀಟಿಗಳೂ ಬೇರೆಬೇರೆ ಬರುತ್ತವೆ, ಅದಕ್ಕೇ ನಾಲ್ವರು ಬೇಕು. ಫೋನಿನ ಡೆಸಿಬೆಲ್ ಆ್ಯಪ್ ಇಟ್ಟುಕೊಳ್ಳಬಹುದು, ಆದರೆ ಫೋನ್ ಮೈಕಿನ ಸ್ವಂತ ಗುಸುಗುಸುವೇ 30ರ ಆಸುಪಾಸು ಇರುವುದರಿಂದ ಅದಕ್ಕಿಂತ ಕೆಳಗಿನದನ್ನು ಅದು ತೋರಿಸಲಾರದು. ನಿನ್ನೆಗಿಂತ ಇಂದು ಹೆಚ್ಚೋ ಕಡಿಮೆಯೋ ನೋಡಲು ಮಾತ್ರ ಸಾಕು. ಪಟ್ಟಿಯಲ್ಲಿ ಸಾಮಾನ್ಯವಾಗಿ ಬರುವವು: ಅಡುಗೆಮನೆಯ ಫ್ರಿಜ್, ಇನ್ವರ್ಟರ್‌ನ ಗುಂಯ್, ಹಳೇ ಟ್ಯೂಬ್‌ಲೈಟಿನ ಚೋಕ್, ಗೋಡೆ ಗಡಿಯಾರ, ನಲ್ಲಿ ಬಿಟ್ಟಾಗ ತಾನಾಗಿ ಓಡುವ ಪ್ರೆಷರ್ ಪಂಪ್, ಲೈನ್‌ಮನೆ ಕಡೆಯ ಟಿ.ವಿ., ನಾಯಿ. ಇವುಗಳಲ್ಲಿ ಅರ್ಧದಷ್ಟನ್ನು ಸ್ವಿಚ್ ಒತ್ತಿಯೇ ನಿಲ್ಲಿಸಬಹುದು. ಫ್ರಿಜ್ ಒಂದೂವರೆ ಗಂಟೆ ಆರಿಸಿದರೆ ಏನೂ ಕೆಡುವುದಿಲ್ಲ. ಮತ್ತೆ ಹಾಕಲು ಮರೆಯದಂತೆ ಕಾರಿನ ಕೀಲಿಯನ್ನು ಫ್ರಿಜ್ ಒಳಗೇ ಇಡಿ.

ತಿಂಗಳ ವಿಚಾರದಲ್ಲಿ ಕೊಡಗು ಹೆಚ್ಚು ಆಯ್ಕೆ ಕೊಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ಹಂಚಿನ ಮೇಲೆ ಸುರಿಯುವ ಮಳೆಯ ಮುಂದೆ ಮಾತೇ ಕೇಳಿಸದು, ಶೀಟ್ ಹಾಕಿದ ವರಾಂಡ ಪಕ್ಕದಲ್ಲಿದ್ದರೆ ಮುಗಿಯಿತು. ಅಕ್ಟೋಬರ್, ನವೆಂಬರ್‌ನಲ್ಲಿ ಸಂಜೆಯ ಗುಡುಗು, ಕಪ್ಪೆ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ದಿನಗಳಲ್ಲಿ ಕೋವಿ, ಪಟಾಕಿ ಇದ್ದೇ ಇರುತ್ತವೆ, ಇರಲೂಬೇಕು. ಫೆಬ್ರುವರಿ, ಮಾರ್ಚಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಾರದ ವರ್ಷ ಕೆರೆಯ ಬಳಿ ಡೀಸೆಲ್ ಪಂಪ್ ಹಗಲಿರುಳು ಸ್ಪ್ರಿಂಕ್ಲರ್‌ಗೆ ನೀರು ತಳ್ಳುತ್ತಿರುತ್ತದೆ. ನಿಮ್ಮ ತೋಟದ ಪಂಪ್ ನಿಲ್ಲಿಸಿದರೂ ಪಕ್ಕದ ತೋಟದವರದ್ದು ನಿಲ್ಲುವುದಿಲ್ಲ. ಏಪ್ರಿಲ್, ಮೇಯಲ್ಲಿ ಮುಸ್ಸಂಜೆಗೆ ಜೀರುಂಡೆ. ಉಳಿಯುವುದು ಹುತ್ತರಿ ಕಳೆದ ಮೇಲಿನ ಡಿಸೆಂಬರ್ ಮತ್ತು ಜನವರಿ. ಆಗಲೂ ಅರೇಬಿಕಾ ಕಾಫಿ ಕೊಯ್ಲಿನ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಸಂಜೆ ಓಡುತ್ತದೆ. ಹಣ್ಣು ಕೊಯ್ದ ದಿನವೇ ಪಲ್ಪ್ ಆಗಬೇಕು, ನಿಮ್ಮ ಕಛೇರಿಗೆಂದು ಕಾಯುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ ಕೊಯ್ಲಿಲ್ಲದ ದಿನ ಗೊತ್ತುಮಾಡಿಕೊಳ್ಳಿ, ಭಾನುವಾರ ಸಾಮಾನ್ಯವಾಗಿ ಸರಿಹೋಗುತ್ತದೆ. ಹೊತ್ತು ಏಳೂವರೆಯ ನಂತರ ಇಡಿ. ಹಕ್ಕಿ ಗೂಡು ಸೇರಿರುತ್ತವೆ, ಚಳಿ ಏರಿದಷ್ಟೂ ಚಿಮ್ಮಂಡೆಗಳ ಕೂಗು ನಿಧಾನವಾಗುತ್ತದೆ. ಹತ್ತಿರದ ಮಂಟಪದಲ್ಲಿ ಅಂದು ಮದುವೆ ಇದೆಯೇ ವಿಚಾರಿಸಿ, ವಾಲಗದ ಸದ್ದು ಕಣಿವೆಯಲ್ಲಿ ಬಹುದೂರ ಬರುತ್ತದೆ.

ಹಿನ್ನೆಲೆ ಎಷ್ಟು ಎನ್ನುವುದರಷ್ಟೇ ಮುಖ್ಯ, ಅದು ಎಂಥದು ಎನ್ನುವುದು. ಇದನ್ನು ತಿಳಿದರೆ ಕೃತಿ ಆರಿಸುವುದು ಸುಲಭ. ಜೀರುಂಡೆ, ಚಿಮ್ಮಂಡೆಗಳ ಕೂಗು ಹೆಚ್ಚಾಗಿ 3,000ದಿಂದ 8,000 ಹರ್ಟ್ಸ್ ನಡುವೆ ಇರುತ್ತದೆ. ಬರೀ ಕಮಾನಿನ ಉಸಿರು, ಬ್ರಿಡ್ಜ್ (ತಂತಿಗಳನ್ನು ಹೊರುವ ಮರದ ಕುದುರೆ) ಮೇಲೆಯೇ ಉಜ್ಜಿದಾಗ ಬರುವ ಸುಯ್ ಸದ್ದು, ತಂತಿಯನ್ನು ಒತ್ತದೆ ಬರೀ ತಾಗಿ ನುಡಿಸುವ ಎತ್ತರದ ಹಾರ್ಮೋನಿಕ್‌ಗಳ ಹೊಳಪು ಎಲ್ಲವೂ ಇರುವುದು ಅಲ್ಲೇ, ಹಾಗಾಗಿ ಅವು ಮುಚ್ಚಿಹೋಗುತ್ತವೆ. ಆದರೆ 200ರಿಂದ 1,000 ಹರ್ಟ್ಸ್‌ನ ಸ್ವರಗಳಿಗೆ, ಅಂದರೆ ವಯೋಲಾದ ನಡುಸ್ಥಾಯಿ, ವಯಲಿನ್‌ನ ಕೆಳಗಿನ ತಂತಿಗಳಿಗೆ, ದಾರಿ ತೆರೆದೇ ಇರುತ್ತದೆ. ಮಳೆ ಎಲ್ಲ ಸ್ಥಾಯಿಯನ್ನೂ ಒಟ್ಟಿಗೆ ಮುಚ್ಚುತ್ತದೆ. ಅದರ ಮೇಲೆ ನಿಲ್ಲುವುದು ಸ್ಥಿರವಾದ ಶ್ರುತಿಯುಳ್ಳ ಸ್ವರ ಮಾತ್ರ, ಉಸಿರಿನಂಥ ಸದ್ದು ಮಳೆಯೊಳಗೆ ಮಳೆಯೇ ಆಗಿಬಿಡುತ್ತದೆ. ಡೀಸೆಲ್ ಪಂಪು ಮೂರನೆಯ ಬಗೆ. ಕೆಳಸ್ಥಾಯಿಯ ಸದ್ದು ತನಗಿಂತ ಮೇಲಿನದನ್ನು ಮುಚ್ಚುತ್ತದೆ, ಮೇಲಿನದು ಕೆಳಗಿನದನ್ನು ಅಷ್ಟು ಮುಚ್ಚುವುದಿಲ್ಲ. ಆದ್ದರಿಂದ ದೂರದ ಪಂಪ್ ಕಿವಿಗೆ ಸಣ್ಣದೆನಿಸಿದರೂ ಚೆಲೊ, ವಯೋಲಾ ಎರಡನ್ನೂ ಕೆಡಿಸುತ್ತದೆ.

ಈಗ ನಿಮ್ಮ ಹಾಲ್‌ನ ಲೆಕ್ಕ. ಘನ ಅಳತೆ 216 ಘನ ಮೀಟರ್. ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲ ತಿಳಿಯಲು ವಾಲೇಸ್ ಸೇಬೈನ್‌ನ ಸೂತ್ರ: 0.161ನ್ನು ಘನ ಅಳತೆಯಿಂದ ಗುಣಿಸಿ, ಕೋಣೆ ಹೀರುವ ಒಟ್ಟು ಪ್ರಮಾಣದಿಂದ ಭಾಗಿಸಬೇಕು. ಸಾಮಾನು ತೆಗೆದ ಖಾಲಿ ಹಾಲ್ ಸುಮಾರು 12 ಚದರ ಮೀಟರ್‌ನಷ್ಟು ಹೀರುತ್ತದೆ ಎಂದುಕೊಂಡರೆ ಆ ಕಾಲ, ಅಂದರೆ ಮೊಳಗು, ಮೂರು ಸೆಕೆಂಡಿಗೆ ಹತ್ತಿರ. ಸ್ವೆಟರ್, ಶಾಲು ಹೊದ್ದ ಒಬ್ಬ ಕೇಳುಗ ಸುಮಾರು ಅರ್ಧ ಚದರ ಮೀಟರ್ ಹೀರುತ್ತಾನೆ. 40 ಜನ ಕೂತರೆ ಒಟ್ಟು 30 ದಾಟುತ್ತದೆ, ಮೊಳಗು ಸೆಕೆಂಡ್ ಒಂದಕ್ಕೆ ಇಳಿಯುತ್ತದೆ. ಇದರಲ್ಲಿ ಎರಡು ಪೆಟ್ಟು ಅಡಗಿವೆ. ಒಂದು, ಖಾಲಿ ಹಾಲ್‌ನಲ್ಲಿ ನಿಮ್ಮ ವಿರಾಮಗಳನ್ನು ತುಂಬಿಕೊಡುತ್ತಿದ್ದ ಮೊಳಗು ಕಛೇರಿಯ ದಿನ ಇರುವುದಿಲ್ಲ, ಸ್ವರ ಕತ್ತರಿಸಿದಂತೆ ನಿಲ್ಲುತ್ತದೆ. ಎರಡು, ಇಷ್ಟು ಚಿಕ್ಕ ಹಾಲ್‌ನಲ್ಲಿ ವಾದ್ಯದಿಂದ ಒಂದು ಮೀಟರ್ ಆಚೆ ಕೇಳುವುದು ಬಹುಪಾಲು ಗೋಡೆ, ಸೀಲಿಂಗ್‌ನಿಂದ ತಿರುಗಿ ಬಂದ ಸದ್ದೇ. ಹೀರುವಿಕೆ ಎರಡೂವರೆ ಪಟ್ಟಾದರೆ ಆ ಸದ್ದು 4 ಡೆಸಿಬೆಲ್ ಕುಸಿಯುತ್ತದೆ. ರಿಹರ್ಸಲ್‌ನಲ್ಲಿ ಅಂಚಿನ ಮೇಲಿದ್ದ ಸ್ವರ ಅಂದು ಅಂಚಿನಾಚೆ. ಜೊತೆಗೆ ನಲವತ್ತು ಜನರ ಉಸಿರು, ಬಟ್ಟೆಯ ಸರಪರದಿಂದ ಹಿನ್ನೆಲೆ ಬೇರೆ ಏರಿರುತ್ತದೆ. ಪರಿಹಾರ: ಕೊನೆಯ ನಾಲ್ಕೈದು ರಿಹರ್ಸಲ್‌ಗಳಲ್ಲಿ ಕುರ್ಚಿಗಳ ಮೇಲೆ ಕಂಬಳಿ, ರಜಾಯಿ, ಗೋಡೌನಿನ ಖಾಲಿ ಗೋಣಿಚೀಲಗಳನ್ನು ಮಡಿಸಿ ಹೇರಿ ನುಡಿಸಿ. ಗೋಣಿಯಲ್ಲಿ ಕಾಫಿಯ ಧೂಳಿರುತ್ತದೆ, ಕೊಡವಿಕೊಂಡು ತನ್ನಿ. ಒಬ್ಬರು ಸರದಿಯಂತೆ ಹಿಂದಿನ ಸಾಲಿನಲ್ಲಿ ಕೂತು ಕೇಳಲಿ. ನುಡಿಸುವವರ ಕಿವಿ ವಾದ್ಯಕ್ಕೆ ಒಂದು ಗೇಣು ದೂರ ಇರುವುದರಿಂದ ಅವರ ಮಾತು ಇಲ್ಲಿ ಲೆಕ್ಕಕ್ಕಿಲ್ಲ.

ಮರದ ನೆಲ ಚೆಲೊಗೆ ವರ. ವಾದ್ಯದ ಬುಡದ ಮುಳ್ಳು ನೆಲಕ್ಕೆ ಊರಿದಲ್ಲಿ ಹಲಗೆಯೂ ಸ್ವಲ್ಪ ಮಿಡಿದು ಕೆಳಸ್ಥಾಯಿಗೆ ತೂಕ ಕೊಡುತ್ತದೆ. ಕಿರುಗುಟ್ಟುವ ಹಲಗೆಗಳನ್ನು ಮಾತ್ರ ಸೀಮೆಸುಣ್ಣದಿಂದ ಗುರುತು ಮಾಡಿ, ಅಲ್ಲಿ ಯಾರ ಕುರ್ಚಿಯ ಕಾಲೂ ಬೀಳದಂತೆ ನೋಡಿಕೊಳ್ಳಿ.

ಕಮಾನಿನ ವಿಷಯಕ್ಕೆ ಬರೋಣ, ನಿಮ್ಮ ಸ್ವರ ಒಡೆಯುವುದು ಏಕೆಂದು. ತಂತಿ ಸರಿಯಾಗಿ ನುಡಿಯಬೇಕಾದರೆ ಕಮಾನಿನ ಕೂದಲು ಅದನ್ನು ಹಿಡಿದು, ತಂತಿಯ ಒಂದು ಕಂಪನಕ್ಕೆ ಒಂದೇ ಬಾರಿ ಜಾರಬೇಕು. ಒತ್ತಡ ಸಾಲದೆ ಹೋದರೆ ಒಂದು ಕಂಪನಕ್ಕೆ ಎರಡು ಬಾರಿ ಜಾರಿ ಸ್ವರ ತೆಳುವಾಗುತ್ತದೆ, ಒಡೆಯುತ್ತದೆ. ಹೆಚ್ಚಾದರೆ ಕರಕರ. ಈ ಎರಡರ ನಡುವಿನ ಜಾಗವನ್ನು 1973ರಲ್ಲಿ ಜಾನ್ ಶೆಲೆಂಗ್ ಲೆಕ್ಕ ಹಾಕಿ ತೋರಿಸಿದ. ಅವನು ಎಂಜಿನಿಯರ್, ಚೆಲೊ ವಾದಕ ಕೂಡ. ಅದರ ಸಾರ ಇಷ್ಟು: ಬೇಕಾದ ಕನಿಷ್ಠ ಒತ್ತಡ ಕಮಾನಿನ ವೇಗ ಹೆಚ್ಚಿದಷ್ಟೂ ಹೆಚ್ಚುತ್ತದೆ, ಬ್ರಿಡ್ಜ್‌ನಿಂದ ದೂರ ಎರಡರಷ್ಟಾದರೆ ನಾಲ್ಕರಲ್ಲಿ ಒಂದಂಶಕ್ಕೆ ಇಳಿಯುತ್ತದೆ. ಹೊಸಬರು ಮೆಲ್ಲಗೆ ನುಡಿಸಲು ಒತ್ತಡವನ್ನಷ್ಟೇ ತೆಗೆದು, ವೇಗವನ್ನೂ ಜಾಗವನ್ನೂ ಹಾಗೆಯೇ ಬಿಡುತ್ತಾರೆ. ಒಡೆಯದೆ ಇನ್ನೇನು ಮಾಡೀತು? ವೇಗ ಇಳಿಸಿ, ಫಿಂಗರ್‌ಬೋರ್ಡ್ (ಎಡಗೈ ಬೆರಳೂರುವ ಹಲಗೆ) ಕಡೆಗೆ ಸರಿಯಿರಿ, ಆಮೇಲೆ ಒತ್ತಡ ತೆಗೆಯಿರಿ. ಕ್ರಮ ಇದೇ.

ಅಳತೆಗಳಲ್ಲಿ ಹೇಳುವುದಾದರೆ ವಯಲಿನ್ ತಂತಿಯ ನುಡಿಯುವ ಉದ್ದ ಸುಮಾರು 33 ಸೆಂ.ಮೀ. ಬ್ರಿಡ್ಜ್‌ನಿಂದ 3 ಸೆಂ.ಮೀ. ದೂರದಲ್ಲಿ ಉಜ್ಜುವ ಕೈಯನ್ನು 6 ಸೆಂ.ಮೀ.ಗೆ ತನ್ನಿ. ಕಮಾನಿನ ಕೂದಲು 65 ಸೆಂ.ಮೀ. ಇದೆ, ಒಂದು ಎಳೆತಕ್ಕೆ 30 ಸೆಕೆಂಡ್ ತೆಗೆದುಕೊಂಡರೆ ಸೆಕೆಂಡಿಗೆ ಎರಡು ಸೆಂ.ಮೀ. ಚಿಲ್ಲರೆ. ಇದು ದಿನಾ ಹತ್ತು ನಿಮಿಷದ ಸಾಧನೆ. ಖಾಲಿ ಡಿ ತಂತಿ, ತುದಿಯಿಂದ ಬುಡಕ್ಕೆ 30 ಸೆಕೆಂಡ್, ಬುಡದಿಂದ ತುದಿಗೆ 30 ಸೆಕೆಂಡ್. ಮೊದಲ ವಾರ ಕೈ ನಡುಗುತ್ತದೆ. ನಡುಕ ಇರುವುದು ಸಾಮಾನ್ಯವಾಗಿ ಬೆರಳಲ್ಲಲ್ಲ, ಎತ್ತಿ ಹಿಡಿದ ಹೆಗಲಲ್ಲಿ. ಮೊಣಕೈ ಇಳಿಬಿಟ್ಟರೆ ಅರ್ಧ ನಿಲ್ಲುತ್ತದೆ. ಮೇಲಿನ ಇ ತಂತಿಯನ್ನು ಖಾಲಿ ನುಡಿಸಿದಾಗ ಶಿಳ್ಳೆ ಹೊಡೆಯುವುದು ಬೇರೆಯೇ ಕಾಯಿಲೆ. ತಂತಿ ಅಡ್ಡಕ್ಕೆ ಅಲುಗುವ ಬದಲು ತನ್ನ ಸುತ್ತ ತಾನೇ ತಿರುಚಿಕೊಂಡು ನುಡಿಯುವುದರಿಂದ ಅದು ಬರುತ್ತದೆ. ಆ ಸ್ವರವನ್ನು ಎ ತಂತಿಯಲ್ಲಿ ನಾಲ್ಕನೇ ಬೆರಳಿನಿಂದ ನುಡಿಸಿಬಿಡಿ, ವಾದ ಮಾಡಬೇಡಿ.

ಇಲ್ಲದಿರುವುದರಿಂದ ಸ್ವರ ಹುಟ್ಟಬೇಕು ಎನ್ನುವ ಗುರುತು ಈ ಕೃತಿಗಳಲ್ಲಿ ಪದೇಪದೇ ಬರುತ್ತದೆ. ಇಟಲಿಯ ಸಂಯೋಜಕ ಸಾಲ್ವತೋರೆ ಶಾರ್ರಿನೊ ಅದನ್ನು, ಸದ್ದು ಏರುವುದನ್ನು ಸೂಚಿಸುವ ಕ್ರೆಶೆಂಡೊ ಗೆರೆಯ ತುದಿಗೊಂದು ಸಣ್ಣ ಸೊನ್ನೆ ಇಟ್ಟು ತೋರಿಸುತ್ತಾನೆ. ಗಾಳಿಯಿಂದ ಕಮಾನು ಇಳಿಸಿ ಶುರು ಮಾಡಿದರೆ ಟಿಕ್ ಎನ್ನುತ್ತದೆ. ಹೀಗೆ ಮಾಡಿ: ಕಮಾನಿನ ತುದಿಯ ಕಡೆಯ ಕಾಲು ಭಾಗವನ್ನು ತಂತಿಯ ಮೇಲೆ ಮೊದಲೇ ಇಡಿ, ಅಲ್ಲಿ ಅದರ ತೂಕ ಅತಿ ಕಡಿಮೆ. ಕಡ್ಡಿಯನ್ನು ಫಿಂಗರ್‌ಬೋರ್ಡ್ ಕಡೆಗೆ ವಾಲಿಸಿ, ನಾಲ್ಕೈದು ಎಳೆ ಕೂದಲು ಮಾತ್ರ ತಾಗುವಂತೆ. ಎಡಗೈ ಬೆರಳನ್ನು ಸ್ವರದ ಜಾಗದಲ್ಲಿ ಒತ್ತದೆ ಚಪ್ಪಟೆಯಾಗಿ ತಾಗಿಸಿ ತಂತಿಯ ಬಾಯಿ ಕಟ್ಟಿ. ಈಗ ಕಮಾನು ಸರಿಸಿದರೆ ಬರೀ ಉಸಿರು. ಅದು ಸಾಗುತ್ತಿರುವಾಗಲೇ ಬೆರಳನ್ನು ನಿಧಾನವಾಗಿ ಒತ್ತುತ್ತ ಬನ್ನಿ, ಉಸಿರಿನೊಳಗಿಂದ ಶ್ರುತಿ ಮೂಡುತ್ತದೆ. ಬೆರಳು ಒತ್ತುವಾಗ ಜಾರಿದರೆ ಮೀಂಡಿನಂತೆ ಕೇಳುತ್ತದೆ. ನಿಮ್ಮ ಎರಡನೇ ವಯಲಿನ್‌ನವರು ಇಲ್ಲಿ ಹುಷಾರಾಗಿರಬೇಕು.

ಮುಗಿಸುವುದು ಇನ್ನೂ ಕಷ್ಟ. ಕಮಾನು ತಂತಿಯ ಮೇಲೆ ನಿಂತರೆ ಆ ನಿಲ್ಲುವಿಕೆಯೇ ಕೇಳುತ್ತದೆ. ಅದು ಚಲಿಸುತ್ತಿರುವಾಗಲೇ ತಂತಿ ಬಿಟ್ಟು ಮೇಲೇಳಬೇಕು, ಕೈ ಗಾಳಿಯಲ್ಲಿ ಇನ್ನೆರಡು ಸೆಕೆಂಡ್ ಅದೇ ವೇಗದಲ್ಲಿ ಸಾಗಬೇಕು. ಎಡಗೈ ಬೆರಳನ್ನು ಕೂಡಲೇ ಎತ್ತಿದರೆ ತಂತಿಯನ್ನು ಮೀಟಿದಂತಾಗುತ್ತದೆ, ಸದ್ದು ಪೂರ್ತಿ ಆರುವವರೆಗೆ ಬೆರಳು ಅಲ್ಲೇ ಇರಲಿ. ಇನ್ನೊಂದು: ಮುಟ್ಟದ ಖಾಲಿ ತಂತಿಗಳು ಬೇರೆಯವರ ಸ್ವರಕ್ಕೆ ತಾವೂ ಮಿಡಿದು ವಿರಾಮದೊಳಕ್ಕೆ ಉಳಿದುಬಿಡುತ್ತವೆ. ಚೆಲೊದ ಸಿ ತಂತಿ ಕೆಲವು ಸೆಕೆಂಡ್ ಬಿಡುವುದಿಲ್ಲ. ಕೆಲವು ಕಡೆ ಅದು ಸೊಗಸು, ಕೆಲವು ಕಡೆ ಕೊಳಕು. ಎಲ್ಲಿ ಬಿಡಬೇಕು, ಎಲ್ಲಿ ಅಂಗೈಯಿಂದ ಮುಚ್ಚಬೇಕು ಎಂದು ಸ್ಕೋರಿನಲ್ಲೇ (ಸ್ವರಲಿಪಿಯಲ್ಲೇ) ಪೆನ್ಸಿಲ್ ಗುರುತು ಹಾಕಿಕೊಳ್ಳಿ.

ಚೆಲೊದವರಿಗೆ ಪ್ರತ್ಯೇಕ ಮಾತು. ಮನುಷ್ಯನ ಕಿವಿಗೆ 1,000 ಹರ್ಟ್ಸ್‌ನಲ್ಲಿ 2–3 ಡೆಸಿಬೆಲ್ ಇದ್ದರೂ ಕೇಳುತ್ತದೆ. ಚೆಲೊದ ಕೆಳ ಸಿ ಇರುವ 65 ಹರ್ಟ್ಸ್ ಸುಮಾರಿನಲ್ಲಿ ಕೇಳಿಸಲು 37 ಡೆಸಿಬೆಲ್ ಆಸುಪಾಸು ಬೇಕು. ಅಂದರೆ ತೀರಾ ಮೆಲ್ಲಗೆ ನುಡಿಸಿದಾಗ ಆ ಸ್ವರದ ಬುಡ ಕೇಳುತ್ತಲೇ ಇರುವುದಿಲ್ಲ, ಅದರ ಮೇಲಿನ ಉಪಸ್ವರಗಳಿಂದ ಕಿವಿ ಅದನ್ನು ಊಹಿಸುತ್ತದೆ. ಸದ್ದು ತಗ್ಗಿಸಲು ಬ್ರಿಡ್ಜ್ ಮೇಲೆ ಸಿಕ್ಕಿಸುವ ಭಾರದ ಪ್ರಾಕ್ಟೀಸ್ ಮ್ಯೂಟ್ ಹಾಕಿದರೆ ಕಡಿಯುವುದು ಆ ಉಪಸ್ವರಗಳನ್ನೇ. ಆದ್ದರಿಂದ ಚೆಲೊಗೆ ಹಗುರದ ರಬ್ಬರ್ ಮ್ಯೂಟ್ ಸಾಕು, ಮತ್ತು ಉಳಿದ ಮೂವರಿಗಿಂತ ಬ್ರಿಡ್ಜ್‌ಗೆ ತುಸು ಹತ್ತಿರ ನುಡಿಸಬೇಕು. ಮ್ಯೂಟ್ ಹಾಕುವುದು, ತೆಗೆಯುವುದು ಎರಡೂ ಸದ್ದಿನ ಕೆಲಸ. ವಿರಾಮದಲ್ಲಿ ಮಾಡದೆ, ಇನ್ನೊಬ್ಬರು ನುಡಿಸುತ್ತಿರುವಾಗ ಮಾಡಿ.

ಕರ್ನಾಟಕ ಸಂಗೀತದಿಂದ ಬಂದವರಿಗೆ ಇಲ್ಲಿ ತಂಬೂರಿ ಇಲ್ಲದಿರುವುದೇ ದೊಡ್ಡ ಬದಲಾವಣೆ. ನಮ್ಮಲ್ಲಿ ವಾದಕ ನಿಲ್ಲಿಸಿದರೂ ಶ್ರುತಿ ನಿಲ್ಲುವುದಿಲ್ಲ, ಹಾಗಾಗಿ ವಿರಾಮ ಖಾಲಿಯಾಗಿರುವುದಿಲ್ಲ. ಇಲ್ಲಿ ಹನ್ನೆರಡು ಸೆಕೆಂಡ್ ಏನೂ ಇಲ್ಲದೆ ಕಳೆದು, ಮತ್ತೆ ಅದೇ ಶ್ರುತಿಗೆ ಬಂದು ಸೇರಬೇಕು. ಅಭ್ಯಾಸದ ದಾರಿ: ಎಲೆಕ್ಟ್ರಾನಿಕ್ ತಂಬೂರಿ ಹಾಕಿ ಒಂದು ಸ್ವರ ನುಡಿಸಿ, ತಂಬೂರಿ ಆರಿಸಿ, ಹತ್ತು ಎಣಿಸಿ, ಮತ್ತೆ ನುಡಿಸಿ, ಆಮೇಲೆ ತಂಬೂರಿ ಹಾಕಿ ಹೊಂದಿದೆಯೇ ನೋಡಿ. ಎರಡನೆಯ ತೊಡಕು ಗಮಕದ ಕೈ. ಅಲುಗಾಡದ ಸ್ವರದಲ್ಲಿ ಬೆರಳು ತಾನಾಗಿ ಸಣ್ಣಗೆ ತೂಗುತ್ತದೆ, ನುಡಿಸುವವರಿಗೆ ಅದು ಗೊತ್ತಾಗುವುದೂ ಇಲ್ಲ. ಮೂರನೆಯದು ಮೈಕ್‌ನ ರೂಢಿ, ಸಣ್ಣ ಸದ್ದನ್ನು ದೊಡ್ಡದು ಮಾಡಲು ಇಲ್ಲಿ ಅದಿಲ್ಲ. ಇದಕ್ಕೆ ಪ್ರತಿಯಾಗಿ ಅವರಿಗೊಂದು ಬಲವೂ ಇದೆ: ಶ್ರುತಿಶುದ್ಧದ ಕಿವಿ. ಬೆರಳಿನ ಕಂಪನವಿಲ್ಲದ ಸ್ವರಮೇಳಗಳಲ್ಲಿ ಉಳಿದವರು ಅವರನ್ನು ಕೇಳಿ ಹೊಂದಿಸಿಕೊಳ್ಳಲಿ.

ಹಾರ್ಮೋನಿಕ್‌ಗಳು ಕೆಡುವುದು ಮೂರು ಕಾರಣಕ್ಕೆ. ಬೆರಳು ಚಪ್ಪಟೆಯಾಗಿ ಹೆಚ್ಚು ತಂತಿ ಮುಟ್ಟುವುದು, ಕಮಾನು ತೀರಾ ನಿಧಾನವಾಗುವುದು (ಇಲ್ಲಿ ಮಾತ್ರ ವೇಗ ಸ್ವಲ್ಪ ಬೇಕು), ಮತ್ತು ಹಳೆಯ ತಂತಿ. ತಂತಿಯ ಮೇಲೆ ರೋಸಿನ್ (ಕಮಾನಿಗೆ ಹಚ್ಚುವ ರಾಳ) ಗಟ್ಟಿಯಾಗಿ ಕೂತಿದ್ದರೆ ಅರ್ಧ, ಮೂರನೇ ಒಂದು, ನಾಲ್ಕನೇ ಒಂದು ಎಂಬ ಜಾಗಗಳೇ ಕದಲಿರುತ್ತವೆ. ಪ್ರತಿ ಸಲ ಒಣ ಬಟ್ಟೆಯಿಂದ ಒರೆಸಿ. ಸ್ಪಿರಿಟ್ ಬಳಸಬೇಡಿ, ಒಂದು ಹನಿ ವಾರ್ನಿಷ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಕಛೇರಿಗೆ ಎರಡು ವಾರ ಮೊದಲು ಹೊಸ ತಂತಿ ಹಾಕಿ, ಹಿಂದಿನ ದಿನವಲ್ಲ.

ಕೊಡಗಿನ ತೇವ ಬೇರೆ ಇದೆಯಲ್ಲ. ತೇವದಲ್ಲಿ ಕಮಾನಿನ ಕೂದಲು ಉದ್ದವಾಗಿ, ತಿರುಪು ಎಷ್ಟು ತಿರುವಿದರೂ ಬಿಗಿಯಾಗುವುದಿಲ್ಲ. ಒಣಗಿದಾಗ ಅದೇ ಕೂದಲು ಮೋಟಾಗಿ ಕಡ್ಡಿಯನ್ನು ಬಗ್ಗಿಸುತ್ತದೆ, ಸಡಿಲ ಮಾಡದೆ ಪೆಟ್ಟಿಗೆಯಲ್ಲಿಟ್ಟರೆ ತುದಿ ಮುರಿಯಬಹುದು. ವಾದ್ಯಕ್ಕೆ ಹಿತವಾದ ತೇವಾಂಶ ಶೇ. 45–55. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ಹೈಗ್ರೋಮೀಟರ್ ಇರಲಿ. ಜನವರಿ ಸಂಜೆಯ ಅಪಾಯ ಇದಕ್ಕೆ ತಿರುಗುಮುರುಗು: ಬಂಗಲೆಯಲ್ಲಿ ಅಗ್ಗಿಷ್ಟಿಕೆ ಹಚ್ಚುತ್ತಾರೆ, ಗಾಳಿ ಬೇಗ ಒಣಗಿ ಬಿರಡೆಗಳು ಜಾರುತ್ತವೆ. ಕಾಫಿ ಗಿಡದ ಕಟ್ಟಿಗೆ ಚಟಪಟ ಬೇರೆ. ಬೆಂಕಿಯನ್ನು ನಾಲ್ಕು ಗಂಟೆಗೇ ಹಚ್ಚಿ ಆರೂವರೆಗೆ ಕೆಂಡಕ್ಕೆ ಇಳಿಸಿ, ಮತ್ತೆ ಕಟ್ಟಿಗೆ ಹಾಕಬೇಡಿ. ವಾದ್ಯಗಳು ಎರಡು ಗಂಟೆ ಮೊದಲೇ ಅದೇ ಹಾಲ್‌ನಲ್ಲಿ, ಬೆಂಕಿಯಿಂದ ದೂರದ ಗೋಡೆಯ ಬಳಿ ಇರಲಿ.

ಇನ್ನು ಮೌನದ ರಿಹರ್ಸಲ್. ಹೌದು, ಅದನ್ನೂ ಅಭ್ಯಾಸ ಮಾಡಬೇಕು, ಮತ್ತು ಬಹುಪಾಲು ಗುಂಪುಗಳು ಎಡವುವುದು ಇಲ್ಲೇ. ಸ್ಕೋರಿನಲ್ಲಿ ಏಳು ಸೆಕೆಂಡ್ ಇರುವ ವಿರಾಮ ವೇದಿಕೆಯ ಮೇಲೆ ನಾಲ್ಕೂವರೆ ಆಗುತ್ತದೆ, ಏಕೆಂದರೆ ಎದೆ ಬಡಿತ ಏರಿದಾಗ ಎಣಿಕೆಯೂ ಓಡುತ್ತದೆ. ಸದ್ದಿಲ್ಲದ ಸ್ಟಾಪ್‌ವಾಚ್ ಒಂದನ್ನು ನಾಲ್ವರಿಗೂ ಕಾಣುವಂತೆ ನಡುವೆ ನೆಲದ ಮೇಲಿಡಿ. ಪಿಯಾನೊ ವಾದಕ ಡೇವಿಡ್ ಟ್ಯೂಡರ್ ಕೂಡ 1952ರ ಆಗಸ್ಟ್ 29ರಂದು, ಒಂದು ಸ್ವರವನ್ನೂ ನುಡಿಸದೆ ಕೂರುವ ಕೃತಿಯಾದ, ಅಮೆರಿಕದ ಸಂಯೋಜಕ ಜಾನ್ ಕೇಜ್‌ನ 4'33" ಮೊದಲ ಬಾರಿ ನುಡಿಸಿದ್ದು ಸ್ಟಾಪ್‌ವಾಚ್ ನೋಡುತ್ತಲೇ. ಮುಖಂಡ ವಯಲಿನ್‌ನವರು ಶುರುವಿಗೆ ಮೂಗಿನಿಂದ ಸುಯ್ ಎಂದು ಉಸಿರೆಳೆದು ಸಂಜ್ಞೆ ಕೊಡುವ ರೂಢಿ ಬಹುಪಾಲು ಕ್ವಾರ್ಟೆಟ್‌ಗಳಲ್ಲಿ ಇದೆ. ಇಲ್ಲಿ ಆ ಉಸಿರೇ ಮೊದಲ ಸ್ವರವಾಗಿಬಿಡುತ್ತದೆ. ಸಂಜ್ಞೆಯನ್ನು ಕಮಾನಿನ ತುದಿಗೆ ಅಥವಾ ವಯಲಿನ್‌ನ ತಲೆಗೆ ವರ್ಗಾಯಿಸಿ. ಹಾಳೆ ತಿರುಗಿಸುವುದಕ್ಕೆ ಜನ ಹುಡುಕುವುದು ವಿರಾಮವನ್ನೇ. ಅದು ತಪ್ಪು ಜಾಗ. ನಿಮ್ಮ ನಿಮ್ಮ ವಾದ್ಯದ ಸ್ವರಲಿಪಿ ಹಾಳೆಯನ್ನು, ಅಂದರೆ ಪಾರ್ಟ್ ಅನ್ನು, ದಪ್ಪ ರಟ್ಟಿಗೆ ಅಂಟಿಸಿ ಮೂರು ಪುಟ ಒಟ್ಟಿಗೆ ಹರಡಿಕೊಳ್ಳಿ. ತೆಳು ಹಾಳೆ ತೇವಕ್ಕೆ ಬಾಗಿ ಸ್ಟ್ಯಾಂಡಿನಿಂದ ಜಾರುವುದೂ ಇದರಿಂದ ತಪ್ಪುತ್ತದೆ. ಟ್ಯಾಬ್ಲೆಟ್ ಬಳಸಿದರೆ ಕಾಲಿನ ಪೆಡಲ್ ಟಕ್ ಎನ್ನುತ್ತದೆಯೇ ಮೊದಲು ಕೇಳಿನೋಡಿ. ವಿರಾಮದಲ್ಲಿ ಮೈ ಹೇಗಿರಬೇಕೆಂಬುದನ್ನೂ ಒಪ್ಪಂದ ಮಾಡಿಕೊಳ್ಳಿ: ಕಮಾನು ಮೇಲೆ ಇದ್ದರೆ ಕೃತಿ ನಡೆಯುತ್ತಿದೆ, ನಾಲ್ವರೂ ಒಟ್ಟಿಗೆ ಇಳಿಸಿದರೆ ಮುಗಿಯಿತು. ನಿಮ್ಮ ಮನೆಯವರ ಚಪ್ಪಾಳೆಗೆ ಕಾರಣ ಮೌನವಲ್ಲ, ಯಾರೋ ಒಬ್ಬರು ಕಮಾನು ತೊಡೆಯ ಮೇಲೆ ಇಳಿಸಿದ್ದು ಎಂದು ನನ್ನ ಗುಮಾನಿ.

ಕೃತಿಗಳು. ಆಂಟನ್ ವೇಬರ್ನ್‌ನ ಆರು ಬಗಟೆಲ್‌ಗಳಿಂದ, ಅಂದರೆ ಓಪಸ್ 9ರಿಂದ (1911–13), ಶುರು ಮಾಡಿ. ಆರೂ ಸೇರಿ ಸುಮಾರು ನಾಲ್ಕು ನಿಮಿಷ, ಒಂದೊಂದೂ ಹತ್ತು ಬಾರ್‌ನ ಆಸುಪಾಸು. ಹಳತಾದರೂ ನಿಮಗೆ ಬೇಕಾದ ಎಲ್ಲ ತಂತ್ರಗಳೂ ಅದರಲ್ಲಿವೆ: ಮ್ಯೂಟ್, ಬ್ರಿಡ್ಜ್ ಹತ್ತಿರದ ಕಮಾನು, ಹಾರ್ಮೋನಿಕ್, ಒಂದೇ ಸ್ವರದ ವಾಕ್ಯ. ವೇಬರ್ನ್ ತೀರಿಕೊಂಡದ್ದು 1945ರಲ್ಲಿ, ನಮ್ಮಲ್ಲಿ ಹಕ್ಕು ಸಾವಿನ ನಂತರ 60 ವರ್ಷ, ಹಾಗಾಗಿ ಸ್ಕೋರ್ ಮುಕ್ತ. ಅದರ ಮೇಲೆ ಮಾರ್ಟನ್ ಫೆಲ್ಡ್‌ಮನ್‌ನ ಸ್ಟ್ರಕ್ಚರ್ಸ್ (1951), ಆರು ನಿಮಿಷದಷ್ಟು. ಫೆಲ್ಡ್‌ಮನ್ ಎಂದೊಡನೆ ಎಲ್ಲರೂ 1983ರ ಎರಡನೇ ಕ್ವಾರ್ಟೆಟ್ ಹೆಸರು ಹೇಳುತ್ತಾರೆ. ಅದು ನಿಲ್ಲಿಸದೆ ಐದಾರು ಗಂಟೆ, ಈ ಜನ್ಮಕ್ಕೆ ಅವಸರವಿಲ್ಲ. ಕಾರ್ಯಕ್ರಮದ ಬೆನ್ನೆಲುಬಾಗಿ ಕೇಜ್‌ನ ಸ್ಟ್ರಿಂಗ್ ಕ್ವಾರ್ಟೆಟ್ ಇನ್ ಫೋರ್ ಪಾರ್ಟ್ಸ್ (1949–50) ಇಡಿ, ಸುಮಾರು 20 ನಿಮಿಷ. ಬೆರಳಿನ ಕಂಪನ ಬೇಡ, ಕಮಾನಿನ ಭಾರ ಕನಿಷ್ಠ ಇರಲಿ ಎಂದು ಅವನೇ ಬರೆದಿದ್ದಾನೆ. ಇದರ ಹಿಂದೆ ಭಾರತದ ಎಳೆಯೂ ಇದೆ. ಅಹಮದಾಬಾದಿನ ಗೀತಾ ಸಾರಾಭಾಯಿ 1946ರಲ್ಲಿ ನ್ಯೂಯಾರ್ಕಿಗೆ ಹೋದಾಗ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಅವನಿಂದ ಪಶ್ಚಿಮದ್ದು ಕಲಿತರು. ಸಂಗೀತ ಇರುವುದು ಮನಸ್ಸನ್ನು ತಿಳಿಗೊಳಿಸುವುದಕ್ಕೆ ಎಂಬ ಮಾತು ಅವನಿಗೆ ಸಿಕ್ಕಿದ್ದು ಅವರಿಂದ. ಈ ಕ್ವಾರ್ಟೆಟ್‌ನ ನಾಲ್ಕು ಭಾಗಗಳು ನಾಲ್ಕು ಋತುಗಳು; ಚಳಿಗಾಲದ ಮೂರನೆಯದು ಬಹುತೇಕ ಅಲುಗಾಡುವುದೇ ಇಲ್ಲ, ಕೇಳುಗರು ಕೆಮ್ಮುವುದೂ ಅಲ್ಲೇ.

4'33" ಇಡಬಹುದೇ? ಯಾವ ವಾದ್ಯಕ್ಕಾದರೂ ಆಗುತ್ತದೆ. ಮೊದಲ ಬಾರಿ ನಡೆದದ್ದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿ, ಕಾಡಿಗೆ ತೆರೆದುಕೊಂಡ ಮೇವರಿಕ್ ಎಂಬ ಮರದ ಹಾಲ್‌ನಲ್ಲಿ. ಟ್ಯೂಡರ್ ಪಿಯಾನೊದ ಮುಚ್ಚಳ ಹಾಕಿ, ತೆಗೆದು ಮೂರು ಭಾಗಗಳನ್ನು ತೋರಿಸಿದ: 33 ಸೆಕೆಂಡ್, 2 ನಿಮಿಷ 40, 1 ನಿಮಿಷ 20. ನೀವು ಕಮಾನು ಎತ್ತಿ ಇಳಿಸಿ ತೋರಿಸಬಹುದು. ಒಂದೇ ಷರತ್ತು: ತಮಾಷೆಯಂತೆ ಪರಿಚಯಿಸಬೇಡಿ, ಮೊದಲ ಕೃತಿಯಾಗಿಯೂ ಇಡಬೇಡಿ. ಜೀಪಿನಲ್ಲಿ ಬಂದಿಳಿದ ಕಿವಿ ಇನ್ನೂ ಒರಟಾಗಿರುತ್ತದೆ. ಅರ್ಧ ಗಂಟೆ ಸಣ್ಣ ಸದ್ದುಗಳನ್ನು ಕೇಳಿದ ಮೇಲೆ ಅದೇ ಕಿವಿ ಹೊರಗಿನ ಸಿಲ್ವರ್ ಓಕ್ ಎಲೆಯನ್ನೂ ಕೇಳುತ್ತದೆ. ಲುಯಿಜಿ ನೋನೊನ ಫ್ರಾಗ್ಮೆಂಟೆ-ಸ್ಟಿಲೆ (1979–80) ಈ ದಾರಿಯ ದೊಡ್ಡ ಕೃತಿ, ಆದರೆ ನಿಮ್ಮ ಮೊದಲ ಕಛೇರಿಗಲ್ಲ. ವಿರಾಮಗಳಲ್ಲೇ ಹತ್ತಾರು ದರ್ಜೆ ಇರುವ ಆ ಸ್ಕೋರಿಗೆ ವರ್ಷಗಟ್ಟಲೆ ಜೊತೆ ನುಡಿಸಿದ ಕೈಗಳು ಬೇಕು. ಹೆಲ್ಮುಟ್ ಲಾಖೆನ್‌ಮಾನ್‌ನ ಗ್ರಾನ್ ತೋರ್ಸೊ (1971–72) ಕೂಡ ಬೇಡ. ಅದರ ನಡುಭಾಗದಲ್ಲಿ ಕೇಳುವುದು ಹೆಚ್ಚಾಗಿ ಕಮಾನಿನ ಉಸಿರೇ, ಒಂದೇ ಒಂದು ಚಿಮ್ಮಂಡೆ ಹಾಲ್‌ನೊಳಗೆ ಬಂದರೂ ಸಾಕು ಕೆಡಲು. ಒಟ್ಟು ಕಾರ್ಯಕ್ರಮ 45 ನಿಮಿಷ ಮೀರದಿರಲಿ, ಮಧ್ಯೆ ಬಿಡುವು ಬೇಡ. ಹಕ್ಕು ಇರುವ ಕೃತಿಗಳ ಪಾರ್ಟ್‌ಗಳನ್ನು ಕೊಂಡು, ಪ್ರದರ್ಶನದ ಅನುಮತಿಯನ್ನು ಪ್ರಕಾಶಕರಿಂದ ಪಡೆಯಿರಿ.

ಕೇಳುಗರಿಗೆ: ಪ್ಲಾಸ್ಟಿಕ್ ಕುರ್ಚಿ ಬೇಡ, ಮೈ ಸರಿದರೆ ಕಿರ್ರೆನ್ನುತ್ತದೆ. ಜಮಖಾನ, ಹಾಸಿಗೆ, ಹಿರಿಯರಿಗೆ ಭಾರದ ಮರದ ಕುರ್ಚಿ. ಕಾಫಿ ಮೊದಲು ಬೇಡ, ಕೊನೆಗೆ. ಸ್ಟೀಲ್ ಲೋಟಗಳ ಟ್ರೇ ಅಡುಗೆಮನೆಯಲ್ಲೇ ಇರಲಿ. ಕೆಮ್ಮಿನ ಗುಳಿಗೆಗಳನ್ನು ಕಾಗದ ಬಿಚ್ಚಿ ತಟ್ಟೆಯಲ್ಲಿ ಬಾಗಿಲ ಬಳಿ ಇಡಿ. ಫೋನ್ ವೈಬ್ರೇಟ್‌ನಲ್ಲಿದ್ದರೆ ಮರದ ನೆಲದ ಮೇಲೆ ರಿಂಗಿಗಿಂತ ಜೋರು, ಪೂರ್ತಿ ಆರಿಸಲು ಹೇಳಿ. ಶುರುವಿಗೆ ಮುನ್ನ ಎರಡೇ ಮಾತು ಸಾಕು: ನಡುನಡುವೆ ಏನೂ ಕೇಳದ ಹೊತ್ತು ಇರುತ್ತದೆ, ಕಮಾನು ಇಳಿದಾಗ ಮುಗಿದಂತೆ. ಆನೆ ಓಡಿಸುವ ಪಟಾಕಿ ಕೇಳಬಹುದು ಎಂಬುದನ್ನೂ ಸೇರಿಸಿ, ಹೊರಗಿನಿಂದ ಬಂದವರು ಬೆಚ್ಚುತ್ತಾರೆ. ಅರವತ್ತಕ್ಕಿಂತ ಹೆಚ್ಚು ಜನ ಬಂದರೆ ಮೈಕ್ ಹುಡುಕಬೇಡಿ, ಎರಡು ಸಲ ನುಡಿಸಿ. ಸ್ಪೀಕರಿನ ಹಿಸ್ ಒಂದೇ ಸಾಕು ನಿಮ್ಮ ಇಡೀ ಕೆಲಸ ಮುಳುಗಿಸಲು.

ಅಕಾಲ ಮಳೆ ಬಂದರೆ? ಜನವರಿಯಲ್ಲಿ ಅಪರೂಪ, ಆದರೂ ಕ್ರಮ ಮೊದಲೇ ಗೊತ್ತಿರಲಿ. ಸಣ್ಣ ಮಳೆಯಾದರೆ ವೇಬರ್ನ್ ಬಿಟ್ಟು ಕೇಜ್‌ನ ಕ್ವಾರ್ಟೆಟ್ ನುಡಿಸಿ, ಅದರ ಸ್ಥಿರ ಸ್ವರಗಳು ನಿಲ್ಲುತ್ತವೆ. ಜೋರಾದರೆ 4'33" ಅನ್ನು ಮುಂದಕ್ಕೆ ತನ್ನಿ, ಮಳೆಗಿಂತ ಜೋರಾಗಿ ನುಡಿಸಲು ಹೋಗಬೇಡಿ. ಕರೆಂಟ್ ಹೋಗುವುದಂತೂ ಖಚಿತ ಎಂದೇ ತಿಳಿಯಿರಿ. ಸ್ಟ್ಯಾಂಡ್‌ಗಳಿಗೆ ಬ್ಯಾಟರಿಯ ಎಲ್‌ಇಡಿ ದೀಪ ಹಾಕಿ, ಅಗ್ಗದವು ಕೀಂ ಎನ್ನುತ್ತವೆ, ಕೊಳ್ಳುವಾಗ ಅಂಗಡಿಯಲ್ಲೇ ಕಿವಿಗೆ ಹಿಡಿದು ನೋಡಿ. ತೋಟದ ಜನರೇಟರ್‌ಗೆ ಆಟೊ ಸ್ಟಾರ್ಟ್ ಇದ್ದರೆ ಅದನ್ನು ಆರು ಗಂಟೆಗೇ ಮ್ಯಾನ್ಯುಯಲ್‌ಗೆ ಬದಲಿಸಿ, ಕೀಲಿ ನಿಮ್ಮ ಕೈಲಿರಲಿ, ಮತ್ತು ಕರೆಂಟ್ ಹೋದ ಕೂಡಲೇ ಅಭ್ಯಾಸಬಲದಿಂದ ಶೆಡ್ಡಿಗೆ ಓಡುವ ಆಳಿಗೆ ಹಿಂದಿನ ದಿನವೇ ಹೇಳಿಡಿ.